ಇಳಿಸದ ಗಾಜು

ಹೋದ ತಿಂಗಳು ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಜಬಲ್ ಶಮ್ಸ್ ಬೆಟ್ಟಕ್ಕೆ ಹೋಗಿದ್ದೆ. ಇಳಿಯುವಾಗ ಸಣ್ಣಗೆ ಮಳೆ ಹಿಡಿಯಿತು. ಬೆಟ್ಟದ ನಡುವೆ ದಾರಿ ಎರಡಾಗಿ ಒಡೆಯುವ ಒಂದು ಕವಲಿದೆ. ಅಲ್ಲಿಗೆ ಬರುತ್ತಲೇ ಯಾಕೆ ಏನು ಎಂದು ಯೋಚಿಸದೆ ಕಾರು ನಿಲ್ಲಿಸಿ ನನ್ನ ಪಕ್ಕದ ಗಾಜನ್ನು ಪೂರ್ತಿ ಇಳಿಸಿಬಿಟ್ಟೆ. ಒದ್ದೆ ಕಲ್ಲಿನ ವಾಸನೆಯೂ, ಹತ್ತಿರದಲ್ಲೆಲ್ಲೋ ಸೌದೆ ಉರಿಯುತ್ತಿದ್ದ ಹೊಗೆಯ ವಾಸನೆಯೂ ಚಳಿಯ ಜೊತೆ ಒಳಗೆ ನುಗ್ಗಿದವು. ಹಿಂದಿನ ಸೀಟಿನಿಂದ ಮಗಳು ಇಂಗ್ಲಿಷಿನಲ್ಲಿ ಗಾಜು ಏರಿಸು ಎಂದಳು, ಮಗ ಅದನ್ನೇ ಇನ್ನೂ ಜೋರಾಗಿ ಹೇಳಿದ. ನನಗೆ ಏರಿಸಲಾಗಲಿಲ್ಲ. ಶೋಭಾ ನನ್ನ ಮುಖವನ್ನು ಒಮ್ಮೆ ನೋಡಿ ಮಕ್ಕಳಿಗೆ ಸುಮ್ಮನಿರಲು ಹೇಳಿ, ಏನಾಯಿತು ಎಂದು ಕೇಳಿದಳು. ಏನಾಯಿತು ಎಂದು ಹೇಳಲು ನಾನು ಒಂದು ವರ್ಷ ಹಿಂದಕ್ಕೆ ಹೋಗಬೇಕಿತ್ತು.

ನಾನು ಬಾಗಲಕೋಟೆ ಕಡೆಯವನು. ನಮ್ಮೂರಲ್ಲಿ ಸಂಕ್ರಾಂತಿಯ ಹೊತ್ತಿಗೆ ಬೆಳಿಗ್ಗೆ ಸ್ವಲ್ಪ ತಂಪಾದರೆ ಸಾಕು, ಗಂಡಸರು ಕಿವಿಗೆ ಮಫ್ಲರ್ ಸುತ್ತಿಕೊಂಡು ಓಡಾಡುತ್ತಾರೆ. ಮಸ್ಕತ್ತಿನಲ್ಲಿ ನನ್ನ ಕೆಲಸ ದೊಡ್ಡ ಕಟ್ಟಡಗಳ ಏಸಿ ನೋಡಿಕೊಳ್ಳುವುದು. ಊರಿಗೆಲ್ಲ ತಣ್ಣನೆಯ ಗಾಳಿ ಹಂಚಿ ಹೊಟ್ಟೆ ಹೊರೆಯುವವನಿಗೆ ಸ್ವತಃ ಚಳಿ ಎಂದರೆ ಆಗದು ಎಂಬುದು ಗೆಳೆಯರಿಗೆ ತೀರದ ನಗೆಚಾಟಿಕೆ. ಇಂಥವನು ನಲವತ್ತರ ಹೊಸ್ತಿಲಲ್ಲಿ ಮೋಟಾರ್‌ಸೈಕಲ್ ಹುಚ್ಚು ಹತ್ತಿಸಿಕೊಂಡೆ. ಒಮಾನಿನಲ್ಲಿ ಬೈಕಿನವರಿಗೆ ಸಿಗುವುದೇ ನಾಲ್ಕೈದು ತಿಂಗಳು. ಅಕ್ಟೋಬರ್ ಕೊನೆಗೆ ಬಿಸಿಲು ಬಾಯಿ ಮುಚ್ಚುತ್ತದೆ, ಮಾರ್ಚ್ ನಡುವೆ ಮತ್ತೆ ತೆರೆಯುತ್ತದೆ. ಆಮೇಲೆ ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತದೆ. ಹಾಗಾಗಿ ಫೆಬ್ರವರಿಯ ಕೊನೆಯಲ್ಲಿ, ಬೆಟ್ಟದ ಮೇಲೆ ಇನ್ನೂ ಚಳಿ ಉಳಿದಿರುವಾಗಲೇ, ಆ ವರ್ಷದ ಕೊನೆಯ ಸವಾರಿಯನ್ನು ಜಬಲ್ ಶಮ್ಸ್‌ಗೆ ಮಾಡಿ ಬೈಕುಗಳಿಗೆ ಬಟ್ಟೆ ಹೊದಿಸುವುದು ನಮ್ಮ ರೂಢಿ.

ನಾವು ಏಳು ಜನ, ಎಲ್ಲರೂ ಕನ್ನಡದವರು. ಮುಂದಾಳು ರೊನಾಲ್ಡ್ ಮಂಗಳೂರಿನವನು. ಕೆಲಸದಲ್ಲಿ ಸೇಫ್ಟಿ ಆಫೀಸರ್ ಆದ್ದರಿಂದ ಮನೆಯಲ್ಲಿ ಮಕ್ಕಳು ಮೆಟ್ಟಿಲು ಇಳಿಯುವುದಕ್ಕೂ ಅವನು ನಿಯಮ ಮಾಡಿದ್ದಾನೆ ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ನಮ್ಮಲ್ಲಿ ಹಿರಿಯರು ದಾಮೋದರಣ್ಣ, ಐವತ್ತಾರು ವಯಸ್ಸು, ಮುಲ್ಕಿ ಕಡೆಯವರು, ಮನೆಮಾತು ತುಳು. ವಾದಿ ಅದಾಯ್‌ನಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದನ್ನು ಇಪ್ಪತ್ತೆಂಟು ವರ್ಷಗಳಿಂದ ನೋಡಿಕೊಂಡಿದ್ದಾರೆ. ಅಂಗಡಿ ಯಾರ ಹೆಸರಿನಲ್ಲಿದೆಯೋ ಆ ಒಮಾನಿ ಮಾಲೀಕ, ಕಫೀಲ್, ತಿಂಗಳಿಗೊಮ್ಮೆ ಬಂದು ಚಹಾ ಕುಡಿದು ಹೋಗುವುದು ಬಿಟ್ಟರೆ ಅಂಗಡಿ ಪೂರ್ತಿ ಅವರದೇ. ಬೆಟ್ಟದಲ್ಲಿ ಬೈಕು ಓಡಿಸಲು ನನಗೆ ಕಲಿಸಿದವರು ಅವರು. ತಿರುವಿನಲ್ಲಿ ಎಲ್ಲಿ ನೋಡಬೇಕು, ಇಳಿಜಾರಿನಲ್ಲಿ ಯಾವ ಗೇರು, ಚಳಿಗೆ ಜಾಕೆಟ್ಟಿನೊಳಗೆ ಎದೆಗೆ ಹಳೆಯ ಪೇಪರನ್ನು ಹೇಗೆ ಮಡಚಿ ಇಟ್ಟುಕೊಳ್ಳಬೇಕು, ಎಲ್ಲವನ್ನೂ ಒಂದು ಸಲವೂ ಗದರದೆ ಹೇಳಿಕೊಟ್ಟಿದ್ದರು.

ನಮ್ಮ ಸವಾರಿಯ ಒಂದು ಪದ್ಧತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲವೂ ನಡೆದದ್ದು ಅದರ ಮೇಲೆ. ಬೆಟ್ಟದಲ್ಲಿ ಏಳು ಬೈಕುಗಳು ಒಟ್ಟಿಗೆ ಇರುವುದಿಲ್ಲ, ಒಂದರಿಂದ ಒಂದಕ್ಕೆ ಅರ್ಧ ಮೈಲಿ ಅಂತರ ಬೀಳುತ್ತದೆ. ಆದ್ದರಿಂದ ಮುಂದಾಳು ಕವಲು ದಾರಿಗೆ ಬಂದಾಗ ಅವನ ಬೆನ್ನಿಗಿರುವ ಎರಡನೆಯವನು ಅಲ್ಲೇ ನಿಂತು, ಹಿಂದಿನವರಿಗೆ ಯಾವ ಕಡೆ ಹೋಗಬೇಕೆಂದು ಕೈ ತೋರಿಸಬೇಕು. ಎಲ್ಲರಿಗಿಂತ ಕೊನೆಗೆ ಬರುವವನನ್ನು ನಾವು ಬಾಲ ಎಂದು ಕರೆಯುತ್ತೇವೆ, ಅವನ ಮೈಮೇಲೆ ದೂರಕ್ಕೆ ಕಾಣುವ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ಇರುತ್ತದೆ. ಆ ಕಿತ್ತಳೆ ಅಂಗಿ ಕಣ್ಣಿಗೆ ಬೀಳುವವರೆಗೆ ಕವಲಿನಲ್ಲಿ ನಿಂತವನು ಜಾಗ ಬಿಡುವಂತಿಲ್ಲ. ಮಳೆ ಬರಲಿ, ಹಸಿವಾಗಲಿ, ಬಾಲ ಬರುವವರೆಗೆ ನಿಲ್ಲಬೇಕು. ಬೈಕು ಕೆಟ್ಟವನೋ ಬಿದ್ದವನೋ ಬೆಟ್ಟದಲ್ಲಿ ಒಬ್ಬನೇ ಉಳಿಯಬಾರದು ಎಂದು ಮಾಡಿಕೊಂಡ ಏರ್ಪಾಡು ಅದು. ನಿಧಾನಕ್ಕೆ ಓಡಿಸುತ್ತೇನೆಂಬ ಒಂದೇ ಅರ್ಹತೆಯ ಮೇಲೆ ಆ ಸಲ ಮೊದಲ ಬಾರಿಗೆ ಕಿತ್ತಳೆ ಅಂಗಿ ನನ್ನ ಪಾಲಿಗೆ ಬಂದಿತ್ತು. ಹೆಮ್ಮೆಯಿಂದ ಕನ್ನಡಿ ಮುಂದೆ ನಿಂತು ಎರಡು ಫೋಟೋ ಬೇರೆ ತೆಗೆಸಿಕೊಂಡಿದ್ದೆ.

ಗುರುವಾರ ಬೆಟ್ಟದ ಮೇಲೆ ಗುಡಾರ ಹಾಕಿದೆವು. ಶುಕ್ರವಾರ ಎದ್ದಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು, ಗುಡಾರದ ಮೇಲೆ ಆಲಿಕಲ್ಲು ಬೀಳುತ್ತಿತ್ತು. ಮಕ್ಕಳ ಹಾಗೆ ಅದನ್ನು ಅಂಗೈಯಲ್ಲಿ ಹಿಡಿದು ಊರಿಗೆ ವಿಡಿಯೋ ಕಳಿಸಿದೆವು. ರೊನಾಲ್ಡ್ ಮಾತ್ರ ನಗಲಿಲ್ಲ. ಮೇಲೆ ಇಷ್ಟು ಬಿದ್ದರೆ ಕೆಳಗೆ ಘೂಲ್ ಊರಿನ ಹತ್ತಿರ ರಸ್ತೆಗೆ ಅಡ್ಡವಾಗಿರುವ ಒಣ ಹಳ್ಳದಲ್ಲಿ, ಇಲ್ಲಿಯವರು ಹೇಳುವ ವಾದಿಯಲ್ಲಿ, ನೀರು ಬರುತ್ತದೆ, ಬಂದರೆ ದಾಟಲಾಗುವುದಿಲ್ಲ. ಈಗಲೇ ಹೊರಡೋಣ, ಕೆಳಗೆ ಚಹಾ ಅಂಗಡಿಯಲ್ಲಿ ಸೇರುವುದು ಬೇಡ, ವಾದಿ ದಾಟಿದವರು ದಾಟಿದ ಹಾಗೆ ನೇರ ಮನೆಗೆ ಹೋಗಿ ಎಂದ. ಕೊನೆಗೆ ಎಲ್ಲರೂ ಇಳಿದರು ಎಂದು ಫೋನಿನಲ್ಲಿ ತಿಳಿಸುವ ಹೊಣೆ ಬಾಲದ್ದು, ಅಂದರೆ ನನ್ನದು.

ಏಳೂವರೆಗೆ ಹೊರಟೆವು. ದಾಮೋದರಣ್ಣ ಎರಡನೆಯವರು, ನಾನು ಏಳನೆಯವನು. ಹೊರಡುವ ಮೊದಲು ಅವರು ಪೇಪರಿನ ಕಟ್ಟು ಹಿಡಿದು ನನ್ನ ಹತ್ತಿರ ಬಂದಿದ್ದರು. ಹೊಸ ಜಾಕೆಟ್ಟು, ಹೊಸ ಕೈಗವಸು ತೊಟ್ಟ ಜಂಭದಲ್ಲಿ ಬೇಡ ಎಂದೆ. ಅಂಗಡಿಯವನು ಬೆಚ್ಚಗಿನ ಕೈಗವಸು ಎಂದು ಹೇಳಿದ್ದ, ನೀರು ಕುಡಿಯುವುದಿಲ್ಲ ಎಂದು ಹೇಳಿರಲಿಲ್ಲ. ಹತ್ತು ನಿಮಿಷದಲ್ಲಿ ಅದು ಒದ್ದೆ ಅರಿವೆಯಾಯಿತು. ಎದುರುಗಾಳಿಗೆ ಬೆರಳುಗಳು ಮೊದಲು ಉರಿದವು, ಆಮೇಲೆ ನೊಂದವು, ಆಮೇಲೆ ಇದ್ದೂ ಇಲ್ಲದಂತಾದವು. ಮೂರನೆಯ ತಿರುವಿನಲ್ಲಿ ಕ್ಲಚ್ಚು ಹಿಡಿಯಲು ಮನಸ್ಸು ಹೇಳಿದ್ದು ಕೈಗೆ ತಲುಪಲಿಲ್ಲ. ಬೈಕು ಮೆಲ್ಲಗೆ ಪಕ್ಕಕ್ಕೆ ಮಲಗಿತು. ಪೆಟ್ಟೇನೂ ಆಗಲಿಲ್ಲ. ಆದರೆ ಎತ್ತಲು ಹೋದರೆ ಎತ್ತಲಾಗದೆ ರಸ್ತೆಯ ಅಂಚಿನಲ್ಲಿ ಕೂತು ಅತ್ತೆ ಎಂದು ಈಗ ಬರೆಯಲು ನಾಚಿಕೆಯಿಲ್ಲ. ಇದಕ್ಕಿಂತ ದೊಡ್ಡ ನಾಚಿಕೆ ಮುಂದೆ ಇದೆ.

ಬೆಟ್ಟದ ಮೇಲಿನ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಕೊಟ್ಟು ಖಾಲಿ ಸಿಲಿಂಡರ್ ಹೇರಿಕೊಂಡು ಇಳಿಯುತ್ತಿದ್ದ ಪಿಕಪ್ ಒಂದು ಬಂತು. ಚಾಲಕ ಗುಲ್ಜಾರ್ ಭಾಯ್, ಪಾಕಿಸ್ತಾನದವನು. ಹಲಗೆ ಇಟ್ಟು ಬೈಕನ್ನು ನೂಕಿ ಹತ್ತಿಸಿ, ಸಿಲಿಂಡರುಗಳ ಮಧ್ಯೆ ಮಲಗಿಸಿ, ಮೇಲೆ ಟಾರ್ಪಾಲು ಬಿಗಿದ. ನನ್ನ ಒದ್ದೆ ಜಾಕೆಟ್ಟನ್ನೂ ಕಿತ್ತಳೆ ಅಂಗಿಯನ್ನೂ ಬಿಚ್ಚಿಸಿ ಸೀಟಿನ ಕೆಳಗೆ ತುರುಕಿ, ತನ್ನ ಕಂಬಳಿ ಹೊದಿಸಿ, ಹೀಟರನ್ನು ಪೂರ್ತಿ ತಿರುಗಿಸಿದ. ಆ ಬಿಸಿಗಾಳಿ ಕೈಗೆ ತಾಗಿದಾಗ ಆದ ಸುಖವನ್ನು ನಾನು ಮರೆಯಲಾರೆ. ಒಳಗೆಲ್ಲ ಆವಿ ಕಟ್ಟಿ ಗಾಜು ಮಂಜಾಯಿತು.

ಕವಲು ಬಂತು. ದಾಮೋದರಣ್ಣ ತಮ್ಮ ಬೈಕಿನ ಪಕ್ಕದಲ್ಲಿ ನಿಂತಿದ್ದರು. ಮಳೆ ಅವರ ಮೈಮೇಲೆ ಓರೆಯಾಗಿ ಬೀಳುತ್ತಿತ್ತು. ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ನಮ್ಮ ಪಿಕಪ್ಪನ್ನಲ್ಲ, ಅದರ ಹಿಂದಿನ ದಾರಿಯನ್ನು ನೋಡುತ್ತಿದ್ದರು. ಗುಲ್ಜಾರ್ ಭಾಯ್ ವೇಗ ತಗ್ಗಿಸಿ ಕೇಳಿದ, ‘ಯೇ ಆಪ್ ಕಾ ಆದ್ಮಿ ಹೈ? ರೋಕೂಂ?’

ನಾನು ಆವಿ ಕಟ್ಟಿದ ಗಾಜಿನ ಹಿಂದಿನಿಂದ ಕೈ ಬೀಸಿದೆ. ‘ನಹೀಂ, ದೇಖ್ ಲಿಯಾ. ಚಲೋ’ ಎಂದೆ.

ಅವರು ನನ್ನನ್ನು ಕಂಡರು ಎಂದು ನಾನು ನಂಬಿದ್ದೆ ಎಂದರೆ ಅರ್ಧ ಮಾತ್ರ ನಿಜ. ನಂಬಿದರೆ ಅನುಕೂಲವಾಗುತ್ತಿತ್ತು, ಅದಕ್ಕೆ ನಂಬಿದೆ. ಗಾಜು ಇಳಿಸಬೇಕಿದ್ದರೆ ಬೆರಳಿನಿಂದ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅಣ್ಣಾ, ನಾನಿಲ್ಲಿದ್ದೇನೆ, ಹೊರಡಿ ಎಂದು ಹೇಳಿ ಏರಿಸಲು ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನ ಚಳಿ ನನಗೆ ಬೇಡವಾಗಿತ್ತು, ಅಷ್ಟೇ. ಬೇರೆ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ.

ಘೂಲ್ ಹತ್ತಿರ ಬಂದಾಗ ವಾದಿಯಲ್ಲಿ ಕೆಂಪು ನೀರು ಹರಿಯಲು ಶುರುವಾಗಿತ್ತು, ಚಕ್ರ ಮುಳುಗುವಷ್ಟಿರಲಿಲ್ಲ. ದಾಟಿದೆವು. ಬೆಟ್ಟದ ನಡುವೆ ಇಲ್ಲದ ಸಿಗ್ನಲ್ ಇಲ್ಲಿ ಫೋನಿಗೆ ಬಂತು. ರೊನಾಲ್ಡ್‌ಗೆ ಹೇಳಿದೆ, ‘ಎಲ್ಲಾರೂ ಇಳದಾರ್ರಿ. ದಾಮೋದರಣ್ಣ ನನ್ನ ಹಿಂದನ ಬರಾಕತ್ತಾರ.’ ಅವನು ಖಲಾಸ್, ಹಾಗಾದರೆ ನಾನೂ ಮನೆಗೆ ಹೊರಟೆ ಎಂದ. ಅಲ್ ಹಮ್ರಾದಲ್ಲಿ ಬೈಕು ಇಳಿಸಿಕೊಂಡು, ಎರಡು ಲೋಟ ಕರಕ್ ಚಹಾ ಕುಡಿದು, ಬಿಸಿಲು ಕಾದು, ಬೆರಳುಗಳು ಪೂರ್ತಿ ನನ್ನವಾದ ಮೇಲೆ ಹೊರಟು ಮಧ್ಯಾಹ್ನ ಒಂದು ಗಂಟೆಗೆ ಅಲ್ ಹೈಲಿನ ಮನೆ ಸೇರಿದೆ. ಬಿಸಿನೀರು ಸುರಿದುಕೊಂಡು ಊಟಕ್ಕೆ ಕೂತೆ. ಶೋಭಾ ಬಿಸಿ ರೊಟ್ಟಿ ಬಡಿಸುತ್ತಿದ್ದಳು.

ಆಗ ದಾಮೋದರಣ್ಣನ ಹೆಂಡತಿ ಸುಮತಿಯಕ್ಕನ ಫೋನು ಬಂತು. ‘ಇವರು ನಿಮ್ಮ ಒಟ್ಟಿಗೆ ಉಂಟಾ? ಬೆಳಿಗ್ಗಿನಿಂದ ಫೋನ್ ಹೋಗುದೇ ಇಲ್ಲ’ ಎಂದರು.

ಬರುತ್ತಿರಬಹುದು, ನೋಡುತ್ತೇನೆ ಎಂದು ಏನೋ ಒದರಿ ಫೋನಿಟ್ಟೆ. ಗಡಿಯಾರ ನೋಡಿದೆ, ಒಂದೂವರೆ. ಕವಲು ದಾಟಿದ್ದು ಎಂಟೂವರೆಗೆ. ಐದು ಗಂಟೆ. ಆ ಕ್ಷಣದಲ್ಲಿ ನನಗೆ ಎಲ್ಲವೂ ಒಟ್ಟಿಗೆ ಕಂಡಿತು. ಬೈಕು ಟಾರ್ಪಾಲಿನ ಕೆಳಗಿತ್ತು, ಕಿತ್ತಳೆ ಅಂಗಿ ಸೀಟಿನ ಕೆಳಗಿತ್ತು, ಗಾಜು ಮಂಜಾಗಿತ್ತು. ಅವರು ಕಂಡದ್ದು ಒಂದು ಗ್ಯಾಸಿನ ಪಿಕಪ್ಪನ್ನು, ಅಷ್ಟೆ. ಬಾಲ ಬಂದೇ ಇರಲಿಲ್ಲ. ಊಟದ ತಟ್ಟೆಯ ಮುಂದೆ ಹಾಗೇ ಕೂತುಬಿಟ್ಟೆ. ಶೋಭಾ ಹೆದರಿ ಭುಜ ಹಿಡಿದು ಅಲುಗಾಡಿಸಿದಳು.

ಪಿಕಪ್ಪಿನಲ್ಲಿ ಇಳಿದದ್ದನ್ನು ಫೋನಿನಲ್ಲಿ ಹೇಳಿದ ಮೇಲೆ ರೊನಾಲ್ಡ್ ತನ್ನ ಕಾರು ತಂದ. ದಾರಿಯುದ್ದಕ್ಕೂ ಅವನು ಒಂದೇ ಮಾತು ಕೇಳಿದ, ದಾಮೋದರಣ್ಣ ನಿನ್ನನ್ನು ಕಂಡದ್ದು ಖಂಡಿತ ತಾನೇ ಎಂದು. ನಾನು ಹೂಂ ಎಂದೆ. ಅವನ ಆಫೀಸಿನಲ್ಲಿ ಅಲ್ ಹಮ್ರಾ ಕಡೆಯ ಒಮಾನಿಯೊಬ್ಬನಿದ್ದ. ರೊನಾಲ್ಡ್ ಅವನಿಂದ ಬೆಟ್ಟದ ನೆಂಟರಿಗೆ ಫೋನು ಮಾಡಿಸಿದ. ನಾವು ನಿಜ್ವಾ ದಾಟುವಾಗ ಸುದ್ದಿ ಬಂತು: ಕವಲಿನ ಹತ್ತಿರ ಅಬು ಸಲೀಂ ಎಂಬ ಮುದುಕರ ಮನೆಯಲ್ಲಿ ಒಬ್ಬ ಹಿಂದಿ, ಎಂದರೆ ಇಂಡಿಯಾದವನು, ಇದ್ದಾನೆ, ಜೀವ ಇದೆ. ಜೀವ ಇದೆ ಎನ್ನುವ ಮಾತಿಗೆ ಸಮಾಧಾನ ಆಗಬೇಕಿತ್ತು. ನನಗೆ ಹೊಳೆದದ್ದು, ಜೀವ ಹೋಗುವ ಮಟ್ಟಕ್ಕೆ ಹೋಗಿತ್ತೇ ಎಂಬುದು.

ಅಷ್ಟು ಹೊತ್ತಿಗೆ ವಾದಿಯ ನೀರು ಇಳಿದಿತ್ತು, ದಾಟಿ ಹತ್ತಿದೆವು. ಅಬು ಸಲೀಂ ಹೇಳಿದ್ದನ್ನು ರೊನಾಲ್ಡ್ ತನಗೆ ಬರುವ ಅರಬಿಯಲ್ಲಿ ಕೇಳಿ ನನಗೆ ಹೇಳಿದ. ಮುದುಕರು ಬೆಳಿಗ್ಗೆಯಿಂದ ಕಿಟಕಿಯಲ್ಲಿ ನೋಡುತ್ತಲೇ ಇದ್ದರಂತೆ. ಮೂರು ಸಲ ಹೋಗಿ ಒಳಗೆ ಬಾ, ಬೆಂಕಿ ಇದೆ, ಕಹ್ವಾ ಕಾಫಿ ಇದೆ ಎಂದು ಕರೆದರಂತೆ. ಈತ ಬರಲಿಲ್ಲ. ಹಿಂದೆ ನನ್ನ ಗೆಳೆಯ ಇದ್ದಾನೆ ಎಂದು ಬೆಟ್ಟದ ಕಡೆ ಕೈ ತೋರಿಸುತ್ತಿದ್ದನಂತೆ. ಆಮೇಲೆ ಮೇಲಿನಿಂದ ಬಂದ ಪ್ರತಿ ಗಾಡಿಯನ್ನೂ ನಿಲ್ಲಿಸಿ, ಕಿತ್ತಳೆ ಅಂಗಿಯವನನ್ನು ಕಂಡಿರಾ ಎಂದು ಕೇಳುತ್ತಿದ್ದನಂತೆ. ಯಾರೂ ಕಂಡಿರಲಿಲ್ಲ. ಮೇಲೆ ಹೋಗುವ ಒಬ್ಬನ ಹತ್ತಿರ ತಿರುವುಗಳ ಕೆಳಗೆ ಇಣುಕಿ ನೋಡು ಎಂದು ಬೇಡಿಕೊಂಡನಂತೆ. ಹನ್ನೆರಡರ ಹೊತ್ತಿಗೆ ಮಾತು ತೊದಲತೊಡಗಿ ಮೊಣಕಾಲು ಮಡಚಿ ಕೂತಾಗ ಮುದುಕರೂ ಅವರ ಇಬ್ಬರು ಗಂಡುಮಕ್ಕಳೂ ಹೊತ್ತು ತಂದರು. ಮೂರೂವರೆ ಗಂಟೆ ದಾಮೋದರಣ್ಣ ಆ ಮಳೆಯಲ್ಲಿ ನಿಂತಿದ್ದರು.

ಒಳಗೆ ಹೋದೆ. ನಾಲ್ಕು ಕಂಬಳಿಗಳೊಳಗೆ ದಾಮೋದರಣ್ಣನ ಮುಖ ಮಾತ್ರ ಕಾಣುತ್ತಿತ್ತು, ತುಟಿ ಇನ್ನೂ ನೀಲಿಯಿತ್ತು. ನನ್ನನ್ನು ಕಂಡದ್ದೇ ಎದ್ದು ಕೂತರು. ನಡುಗುವ ಕೈಗಳಿಂದ ನನ್ನ ತೋಳು, ಭುಜ, ಮೊಣಕಾಲು ಒಂದೊಂದಾಗಿ ಮುಟ್ಟಿ ನೋಡಿದರು.

‘ಎಲ್ಲಿ ಬಿದ್ದದ್ದು ಮಾರಾಯ? ಎಷ್ಟು ಕೆಳಗೆ?’

ನಾನು ಬೆಟ್ಟದಿಂದ ಕೆಳಗೆ ಬಿದ್ದಿದ್ದೇನೆ ಎಂದೇ ಅವರು ಅಷ್ಟು ಹೊತ್ತೂ ಅಂದುಕೊಂಡಿದ್ದರು. ನನ್ನ ಮೈಮೇಲೆ ಒಗೆದ ಅಂಗಿ ಇತ್ತು. ಕೈಯಲ್ಲಿ ಊಟದ ವಾಸನೆ ಇನ್ನೂ ಇತ್ತು. ರೊನಾಲ್ಡೇ ಹೇಳಿದ, ಇವನು ಪಿಕಪ್ಪಿನಲ್ಲಿ ನಿಮ್ಮ ಮುಂದಿನಿಂದಲೇ ಹಾದುಹೋಗಿದ್ದಾನೆ, ನೀವು ಇವನನ್ನು ಕಂಡಿರಿ ಎಂದು ನನಗೆ ಹೇಳಿದ್ದಾನೆ ಎಂದು.

ದಾಮೋದರಣ್ಣ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಆ ಪಿಕಪ್ಪು, ಆ ಮಂಜುಗಟ್ಟಿದ ಗಾಜು ಮತ್ತೊಮ್ಮೆ ಹಾದುಹೋದದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಆಮೇಲೆ ರೊನಾಲ್ಡ್ ಕಡೆ ತಿರುಗಿದರು.

‘ಗ್ಲಾಸು ಇಳಿಸಿ ಕೂಗಿದ್ದಾನೆ ಅಂತ ಕಾಣ್ತದೆ. ನನಗೆ ಕೇಳ್ಲಿಲ್ಲ. ಈಗೀಗ ಕಿವಿ ಸ್ವಲ್ಪ ಮಂದ’ ಎಂದರು.

ರೊನಾಲ್ಡ್ ನನ್ನನ್ನು ಕೇಳಿದ, ‘ಕೂಗಿದ್ಯಾ?’

‘ಹೌದು’ ಎಂದೆ. ಇಷ್ಟು ಸಲೀಸಾಗಿ ಸುಳ್ಳು ನನ್ನ ಬಾಯಿಂದ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಬೆಂಕಿಯ ಪಕ್ಕದಲ್ಲಿ ಕೂತು ಮುದುಕರು ಕೊಟ್ಟ ಕಹ್ವಾ ಕುಡಿದೆ. ಖರ್ಜೂರವನ್ನೂ ತಿಂದೆ.

ದಾಮೋದರಣ್ಣ ಹದಿನೈದು ದಿನ ಕೆಮ್ಮಿನಲ್ಲಿ ಮಲಗಿ ಎದ್ದರು. ಬೇಸಿಗೆ ಬಂತು, ಬೈಕುಗಳು ಬಟ್ಟೆಯೊಳಗೆ ಸೇರಿದವು. ನಾನು ನಾಲ್ಕಾರು ಸಲ ಹಣ್ಣು ಹಿಡಿದು ಅವರ ಮನೆಗೆ ಹೋಗಿಬಂದೆ. ಸುಮತಿಯಕ್ಕ ನನಗೆ ಕೋರಿರೊಟ್ಟಿ ಬಡಿಸಿ, ಇವರಿಗೆ ನಿಮ್ಮದೇ ಯೋಚನೆಯಾಗಿತ್ತಂತೆ ಎನ್ನುವಾಗ ತಟ್ಟೆಯನ್ನೇ ನೋಡಿಕೊಂಡು ತಿನ್ನುತ್ತಿದ್ದೆ. ನಾನು ಹೇಳುತ್ತೇನೆ, ಇವತ್ತು ಹೇಳುತ್ತೇನೆ ಎಂದು ಹೋಗಿ ಕ್ರಿಕೆಟ್ ಮಾತಾಡಿ ಬರುತ್ತಿದ್ದೆ.

ಅಕ್ಟೋಬರಿನಲ್ಲಿ ಮತ್ತೆ ಸವಾರಿ ಶುರುವಾಗುವ ಹೊತ್ತಿಗೆ ರೊನಾಲ್ಡ್ ಒಂದು ನಿಯಮ ತಂದ. ಕಿವಿ ಮಂದವಾದವರು ಗುಂಪಿನಲ್ಲಿ ಓಡಿಸುವುದು ಅಪಾಯ, ಹಿಂದಿನ ಹಾರನ್ನು ಕೇಳದಿದ್ದರೆ ಗತಿಯೇನು. ದಾಮೋದರಣ್ಣ ಡಾಕ್ಟರಲ್ಲಿ ಹೋಗಿ ಕಿವಿ ಪರೀಕ್ಷೆ ಮಾಡಿಸಿ ಚೀಟಿ ತರಲಿ, ಬೇಕಾದರೆ ಯಂತ್ರ ಹಾಕಿಸಿಕೊಳ್ಳಲಿ, ಆಮೇಲೆ ಬರಲಿ ಎಂದ. ಅವನ ಲೆಕ್ಕದಲ್ಲಿ ಅದು ಕಾಳಜಿ. ದಾಮೋದರಣ್ಣ ಪರೀಕ್ಷೆಗೆ ಹೋಗಲಿಲ್ಲ. ವಯಸ್ಸಾಯಿತು, ಸಾಕು, ನೀವು ಹೋಗಿ ಬನ್ನಿ ಎಂದು ಫೋನಿನ ಗುಂಪಿನಲ್ಲಿ ಬರೆದು ಸುಮ್ಮನಾದರು. ಎಲ್ಲರೂ ಒತ್ತಾಯಿಸಿದರು, ಹಟ ಮಾಡುತ್ತಿದ್ದಾರೆ ಎಂದು ಒಬ್ಬಿಬ್ಬರು ಮುನಿಸಿಕೊಂಡರು ಕೂಡ. ನಾನೇ ಮಾತಾಡಿಸಿ ಬರುತ್ತೇನೆ ಎಂದು ದೊಡ್ಡ ಮನುಷ್ಯನ ಹಾಗೆ ವಾದಿ ಅದಾಯ್‌ಗೆ ಹೊರಟೆ.

ಅಂಗಡಿಯ ಪಕ್ಕದ ಗ್ಯಾರೇಜಿನಲ್ಲಿ ಕಬ್ಬಿಣ ಕೊಯ್ಯುವ ಯಂತ್ರ ಕಿವಿಗಡಚಿಕ್ಕುವಂತೆ ಕಿರುಚುತ್ತಿತ್ತು. ನಾನು ಬೈಕು ನಿಲ್ಲಿಸಿ ಒಳಗೆ ಕಾಲಿಡುವಾಗ ದಾಮೋದರಣ್ಣ ನನಗೆ ಬೆನ್ನು ಮಾಡಿ ಏಣಿ ಹತ್ತಿ ಮೇಲಿನ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದರು. ತಿರುಗದೆಯೇ ಹೇಳಿದರು, ‘ಬಸು, ನಿನ್ನ ಚೈನು ಲೂಸ್ ಉಂಟು ನೋಡು. ಬರುವಾಗಲೇ ಕೇಳ್ತು.’

ನಾನು ಬಾಗಿಲಲ್ಲೇ ನಿಂತೆ. ಅಷ್ಟು ಗದ್ದಲದ ನಡುವೆ ರಸ್ತೆಯಲ್ಲಿ ಬರುತ್ತಿದ್ದ ನನ್ನ ಬೈಕಿನ ಚೈನು ಸಡಿಲವಾದದ್ದು ಅವರಿಗೆ ಕೇಳಿಸಿತ್ತು. ಕಿವಿಗೆ ಏನೂ ಆಗಿರಲಿಲ್ಲ. ಕಿವಿ ಮಂದ ಎಂದದ್ದು ಆ ಹೊತ್ತಿಗೆ ಬಾಯಿಗೆ ಬಂದ ಮಾತಿರಬೇಕು, ನನಗೂ ಅದು ಗೊತ್ತಿತ್ತು. ಆದರೆ ಅವರು ಪರೀಕ್ಷೆಗೆ ಯಾಕೆ ಹೋಗುತ್ತಿಲ್ಲ ಎಂಬುದು ಹೊಳೆದದ್ದು ಆಗ. ಹೋದರೆ ಕಿವಿ ಸರಿಯಿದೆ ಎಂದು ಚೀಟಿ ಬರುತ್ತದೆ. ಸರಿಯಿದ್ದರೆ ನಾನು ಕೂಗಿದ್ದು ಯಾಕೆ ಕೇಳಲಿಲ್ಲ ಎಂದು ರೊನಾಲ್ಡ್ ಕೇಳುತ್ತಾನೆ. ನನ್ನ ಸುಳ್ಳು ಹೊರಬರಬಾರದೆಂದು ಅವರು ಬೈಕನ್ನೇ ಬಿಟ್ಟಿದ್ದರು. ಅಲ್ಲಿದ್ದ ಎಣ್ಣೆ ಡಬ್ಬದ ಮೇಲೆ ಕೂತೆ. ಯಾಕಣ್ಣಾ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವರು ಏಣಿ ಇಳಿದು ಬಂದು ಕೈ ಒರೆಸಿಕೊಂಡರು.

‘ಕಿವಿ ಕೇಳುದಿಲ್ಲ ಅಂದ್ರೆ ಜನ ಎರಡು ಸರ್ತಿ ಹೇಳ್ತಾರೆ, ಅಷ್ಟೆ. ಗ್ಲಾಸು ಇಳಿಸ್ಲಿಲ್ಲ ಅಂತ ಗೊತ್ತಾದ್ರೆ ನಿನ್ನ ಹತ್ರ ಮತ್ತೆ ಯಾರೂ ಏನೂ ಹೇಳುದಿಲ್ಲ ಮಾರಾಯ. ನಿನಗೆ ಇನ್ನೂ ಇಪ್ಪತ್ತು ವರ್ಷ ಉಂಟು ಓಡಿಸ್ಲಿಕ್ಕೆ. ಬಿಡು ಅದನ್ನು.’

ಕಥೆ ಬರೆಯುವವರು ಇಲ್ಲಿ ನನ್ನನ್ನು ನೇರ ರೊನಾಲ್ಡ್ ಮನೆಗೆ ಓಡಿಸುತ್ತಿದ್ದರು. ನಾನು ಓಡಲಿಲ್ಲ. ಚೈನು ಬಿಗಿ ಮಾಡಿಸಿಕೊಂಡು ಮನೆಗೆ ಬಂದೆ. ಅವರು ಬಿಡು ಎಂದಿದ್ದರು, ನಾನು ಬಿಟ್ಟೆ. ಒಪ್ಪಲಿಲ್ಲ ಎಂದು ಗುಂಪಿಗೆ ತಿಳಿಸಿದೆ. ನವೆಂಬರಿನಲ್ಲಿ ಸೂರ್, ಡಿಸೆಂಬರಿನಲ್ಲಿ ವಾಹಿಬಾ ಮರಳುಗಾಡಿನ ಅಂಚು, ಜನವರಿಯಲ್ಲಿ ನಖಲ್, ಎಲ್ಲ ಸವಾರಿಗೂ ಹೋದೆ. ಕಿತ್ತಳೆ ಅಂಗಿ ತೊಟ್ಟು ಕೊನೆಯವನಾಗಿಯೇ ಹೋದೆ. ಮತ್ರಾದ ಕಡಲದಂಡೆಯಲ್ಲಿ ಒಂದು ಸಂಜೆ ಅವರು ಸುಮತಿಯಕ್ಕನ ಜೊತೆ ನಡೆದುಹೋಗುವುದು ಕಂಡು, ಬೈಕನ್ನು ಸೂಕ್ ಮಾರುಕಟ್ಟೆಯ ಹಿಂದಿನ ಗಲ್ಲಿಗೆ ತಿರುಗಿಸಿ ತಪ್ಪಿಸಿಕೊಂಡೆ.

ಇಷ್ಟನ್ನೂ ಆ ದಿನ ಕವಲಿನಲ್ಲಿ ನಿಂತ ಕಾರಿನಲ್ಲಿ ಶೋಭಾಗೆ ಹೇಳಿದೆ. ಮಕ್ಕಳು ಫೋನಿನಲ್ಲಿ ಮುಳುಗಿದ್ದರು. ಅವಳು ಬೈಯಬಹುದು, ಅಥವಾ ಸಮಾಧಾನ ಹೇಳಬಹುದು ಎಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ. ಬಹಳ ಹೊತ್ತು ನನ್ನನ್ನೇ, ಯಾರೋ ಹೊರಗಿನವರನ್ನು ನೋಡುವ ಹಾಗೆ ನೋಡಿದಳು.

‘ಅವ್ರು ಒಂದ್ ವರ್ಷ ಮನ್ಯಾಗ ಕುಂತಾರ. ನೀವು ಬೈಕ್ ಹೊಡ್ಕೊಂಡು ಅಡ್ಡಾಡೀರಿ. ಹೌದಲ್ರಿ?’ ಎಂದಳು.

ಹೌದು ಎಂದೆ.

ಮರುದಿನ ಶನಿವಾರ. ಕೊನೆಯ ಸವಾರಿಯ ಮಾತುಕತೆಗೆ ಆರೂ ಜನ ರೊನಾಲ್ಡ್ ಮನೆಯಲ್ಲಿ ಸೇರಿದ್ದೆವು. ಚಹಾ ಬರುವ ಮೊದಲೇ ಹೇಳಿಬಿಟ್ಟೆ, ಚಹಾ ಬಂದರೆ ಧೈರ್ಯ ಹೋಗುತ್ತದೆಂದು ಗೊತ್ತಿತ್ತು. ಗಾಜು ಇಳಿಸಲಿಲ್ಲ, ಕೂಗಲಿಲ್ಲ, ಚಾಲಕ ನಿಲ್ಲಿಸಲೇ ಎಂದರೂ ಬೇಡ ಎಂದೆ, ಅವರ ಕಿವಿ ಸರಿಯಿದೆ. ಒಬ್ಬ ಎದ್ದು ಬಾಲ್ಕನಿಗೆ ಹೋಗಿ ನನಗೆ ಬೆನ್ನು ಮಾಡಿ ನಿಂತ. ರೊನಾಲ್ಡ್, ನಾನು ಅವರಿಗೆ ಚೀಟಿ ತನ್ನಿ ಅಂದೆನಲ್ಲ, ನಾನು ಅವರಿಗೆ ಚೀಟಿ ತನ್ನಿ ಅಂದೆನಲ್ಲ ಎಂದು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡ. ಫೋನು ತೆಗೆದು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು ದಾಮೋದರಣ್ಣನಿಗೆ ಕರೆ ಮಾಡಿದ.

ಬಸು ಎಲ್ಲ ಹೇಳಿದ, ತಪ್ಪು ನಮ್ಮದು, ಈ ಶುಕ್ರವಾರ ನೀವು ಬರಲೇಬೇಕು, ನೀವು ಬಾರದೆ ಯಾರೂ ಹೊರಡುವುದಿಲ್ಲ ಎಂದ. ಹಿಂದೆ ಸುಮತಿಯಕ್ಕ ಟೀವಿಯ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು.

‘ಬೈಕು ಕೊಟ್ಟು ಆಯ್ತಲ್ಲ ರೊನಾಲ್ಡ್. ಹೋದ ತಿಂಗಳೇ. ಸುಮ್ಮನೆ ನಿಂತು ತುಕ್ಕು ಹಿಡೀತಿತ್ತು, ನೋಡ್ಲಿಕ್ಕೆ ಆಗ್ಲಿಲ್ಲ’ ಎಂದರು.

ಹದಿನೆಂಟು ವರ್ಷ ಅವರು ತಮ್ಮ ಕೈಯಾರೆ ಬಿಚ್ಚಿ ಜೋಡಿಸಿದ ಬೈಕು ಅದು. ನನ್ನ ಬೈಕು ತೆಗೆದುಕೊಳ್ಳಿ ಎನ್ನಲು ಮುಂದೆ ಬಗ್ಗಿದೆ, ಮತ್ತೆ ಹಿಂದಕ್ಕೆ ಒರಗಿದೆ. ಅವರೇ ಕೇಳಿದರು, ಬಸು ಅಲ್ಲಿದ್ದಾನಾ ಎಂದು. ಇದ್ದಾನೆ ಎಂದ ರೊನಾಲ್ಡ್.

‘ಅವನನ್ನು ಬಿಟ್ಟು ಹೋಗ್ಬೇಡಿ. ಬಾಲಕ್ಕೆ ಮಾತ್ರ ಹಾಕ್ಬೇಡಿ, ನಡುವೆ ಹಾಕಿ. ಅವನಿಗೆ ಚಳಿ ತಡೀಲಿಕ್ಕೆ ಆಗುದಿಲ್ಲ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಚುಚ್ಚುವ ಇರಾದೆ ಎಳ್ಳಷ್ಟೂ ಇರಲಿಲ್ಲ. ಒಂದು ಬೈಕಿನ ದೋಷವನ್ನು ಅದನ್ನು ಕೊಳ್ಳುವವನಿಗೆ ಹೇಳುವ ಹಾಗೆ ನನ್ನ ಬಗ್ಗೆ ಇದ್ದದ್ದನ್ನು ಹೇಳಿ ಫೋನಿಟ್ಟರು.

ಆ ಶುಕ್ರವಾರ ಆರು ಬೈಕುಗಳು ಹೊರಟವು. ನನ್ನನ್ನು ಮೂರನೆಯವನಾಗಿ ಹಾಕಿದರು. ಬೆಟ್ಟದ ಮೇಲೆ ಚಳಿ ಚೆನ್ನಾಗಿಯೇ ಇತ್ತು. ಮುಂದೆ ಇಬ್ಬರು, ಹಿಂದೆ ಮೂವರು ಇದ್ದರು, ಯಾವ ಕವಲಿನಲ್ಲೂ ಯಾರೂ ನನಗೆ ನಿಲ್ಲು ಎಂದು ಹೇಳಲಿಲ್ಲ.